ಕನ್ನಡದಲ್ಲಿ ಬರೆದರೆ ಯಾರಿಗೆ ಗೊತ್ತಾಗುತ್ತದೆ

ಶನಿವಾರ ಸಂಜೆ ನಾಲ್ಕರ ಹೊತ್ತಿಗೆ ಚೆನ್ನಪ್ಪ ಬಹರೈನಿನ ರಿಫಾದ ತನ್ನ ಫ್ಲ್ಯಾಟಿನಲ್ಲಿ ಟಿವಿಯ ಎದುರು ಕುರ್ಚಿಯ ತುದಿಗೆ ಸರಿದು ಕೂತಿದ್ದ. ಎಸಿ ಜೋರಾಗಿಯೇ ಓಡುತ್ತಿತ್ತು, ಆದರೂ ಅವನ ಬನಿಯನ್ನಿನ ಬೆನ್ನು ಒದ್ದೆಯಾಗಿತ್ತು. ಟಿವಿಯಲ್ಲಿ ಇಂಗ್ಲೆಂಡಿನ ಆಲ್ಡರ್‌ಬರಿ ಎಂಬ ಊರಿನ ಚರ್ಚಿನ ಸಭಾಂಗಣ ಕಾಣುತ್ತಿತ್ತು. ಅಲ್ಲಿ ಇನ್ನೂ ಮಧ್ಯಾಹ್ನ. ಸಾಲು ಸಾಲು ಕುರ್ಚಿಗಳ ತುಂಬ ಜನ. ಎದುರಿನ ಉದ್ದ ಮೇಜಿನ ಹಿಂದೆ ಪುರಸಭೆಯ ಚುನಾವಣೆಗೆ ನಿಂತ ನಾಲ್ವರು. ನಾಲ್ವರಲ್ಲಿ ಕೊನೆಯ ಕುರ್ಚಿಯಲ್ಲಿದ್ದವಳು ಅವನ ಮಗಳು ನವ್ಯಶ್ರೀ.

ಮಗಳು ಅಲ್ಲಿ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಅವಳು ಯಾವ ಪಕ್ಷಕ್ಕೂ ಸೇರದೆ ಸ್ವತಂತ್ರವಾಗಿ ಚುನಾವಣೆಗೆ ನಿಂತಿದ್ದಾಳೆ ಎಂಬುದನ್ನು ಚೆನ್ನಪ್ಪ ಸಿತ್ರಾದ ತೈಲ ಕಾರ್ಖಾನೆಗೆ ಹೋಗುವ ಕಂಪೆನಿ ಬಸ್ಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಭಾರತದ ಪಾಸ್‌ಪೋರ್ಟೇ ಇಟ್ಟುಕೊಂಡು ಇನ್ನೊಂದು ದೇಶದಲ್ಲಿ ಓಟು ಹಾಕಬಹುದು, ಕಾಯಂ ಇರಲು ಅನುಮತಿ ಸಿಕ್ಕಿದ್ದರೆ ನಿಲ್ಲಲೂಬಹುದು, ಕಾಮನ್‌ವೆಲ್ತ್ ದೇಶದವರಿಗೆ ಅಲ್ಲಿ ಅಂಥದೊಂದು ಅವಕಾಶ ಉಂಟು ಎಂದು ಅವಳು ಫೋನಿನಲ್ಲಿ ಹೇಳಿದ ದಿನ ಅವನಿಗೆ ಹೆಮ್ಮೆಗಿಂತ ಮೊದಲು ಹೆದರಿಕೆಯಾಗಿತ್ತು.

"ಅವಕಾಶ ಉಂಟು ಅಂತ ಎಲ್ಲದಕ್ಕೂ ಕೈ ಹಾಕುದಾ ಮಗಾ? ಅವ್ರ ಊರು, ಅವ್ರು ನೋಡ್ಕೊಳ್ತಾರೆ. ನಿಂಗೆಂತಕ್ಕೆ?" ಎಂದಿದ್ದ.

"ನಾನಿರುವ ಮನೆ ಗೋಡೆಗೆ ಬೂಷ್ಟು ಹಿಡ್ದಿದೆ ಅಪ್ಪ. ಅದು ಯಾರ ಊರು ಅಂತ ಕೇಳಿ ಹಿಡಿದದ್ದಲ್ಲ" ಎಂದಿದ್ದಳು ಅವಳು.

ಚೆನ್ನಪ್ಪ ತನ್ನ ಅರ್ಧ ಆಯುಷ್ಯವನ್ನು ಬಹರೈನಿನಲ್ಲಿ ಕಳೆದಿದ್ದ. ಇಲ್ಲಿ ಅವನು ಕಲಿತ ದೊಡ್ಡ ಪಾಠ ಬಾಯಿ ಮುಚ್ಚಿಕೊಂಡಿರುವುದು. ಈ ದೇಶದ್ದಿರಲಿ, ಊರಿನದ್ದಿರಲಿ, ರಾಜಕೀಯವನ್ನು ಫೋನಿನಲ್ಲಿ ಆಡಬಾರದು. ಆಡಲೇಬೇಕೆಂದು ನಾಲಗೆ ತುರಿಸಿದರೆ ಬಸ್ಸಿನಲ್ಲಿ ಪಕ್ಕದವನ ಕಿವಿಗೆ ತುಳುವಿನಲ್ಲಿ ಆಡಬೇಕು. ತುಳುವಿನಲ್ಲಿ ಆಡಿದ್ದು ಆ ಸೀಟು ದಾಟಿ ಹೋಗುವುದಿಲ್ಲ. ಬರೆಯುವ ಪ್ರಸಂಗ ಬಂದರೆ ಕನ್ನಡದಲ್ಲಿ ಬರೆಯಬೇಕು. ಕನ್ನಡ ಅಕ್ಷರ ಕಂಡರೆ ಹೊರಗಿನವರಿಗೆ ಜಿಲೇಬಿ ಕಂಡ ಹಾಗೆ, ಒಂದೂ ತಲೆಗೆ ಹತ್ತುವುದಿಲ್ಲ ಎಂಬುದು ಅವನ ನಂಬಿಕೆ. ಚಿಲಕ ಹಾಕಿದ ಕೋಣೆಯೊಳಗೆ ಕೂತಷ್ಟೇ ನಿಶ್ಚಿಂತೆಯಿಂದ ಅವನು ಕನ್ನಡದಲ್ಲಿ ಬರೆಯುತ್ತಿದ್ದ.

"ಇದೆಂತ, ಹೆಂಗಸು ಪಾದ್ರಿಯಾ?" ಚಹಾ ತಂದಿಟ್ಟ ಉಮಾವತಿ ಟಿವಿ ನೋಡಿ ಕೇಳಿದಳು. ಅವಳು ಖಾಸಗಿ ಕ್ಲಿನಿಕ್ಕೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬ್ ಟೆಕ್ನೀಷಿಯನ್. ಸಭೆ ನಡೆಸುತ್ತಿದ್ದವರು ಬಿಳಿ ಕೊರಳಪಟ್ಟಿಯ ನಡುವಯಸ್ಸಿನ ಮಹಿಳೆ. "ಊರಲ್ಲಿ ನಮ್ಮ ಪಕ್ಕದ್ಮನೆಯ ಎಸ್ತರ್ ಬಾಯಿಗೆ ಹೇಳಿದ್ರೆ ನಂಬ್ಲಿಕ್ಕಿಲ್ಲ, ಅವ್ರ ಇಗರ್ಜಿಯಲ್ಲಿ ಗಂಡಸ್ರೇ ಪಾದ್ರಿ."

"ನೀನು ಸುಮ್ನಿರು ಮಾರಾಯ್ತಿ. ಕೇಳ್ಲಿಕ್ಕೆ ಬಿಡು."

ಚರ್ಚೆ ಊರಿನ ಸ್ಟೇಷನ್ನಿನ ಎದುರಿದ್ದ ಹಳೆಯ ಹೋಟೆಲೊಂದರ ಸುತ್ತ ಸುತ್ತುತ್ತಿತ್ತು. ವರ್ಷಗಳಿಂದ ಅದು ಖಾಲಿ ಬಿದ್ದಿತ್ತು. ಪುರಸಭೆ ಅದನ್ನು ಕೊಂಡು, ರಿಪೇರಿ ಮಾಡಿಸಿ, ಮನೆಗಾಗಿ ಸರತಿಯಲ್ಲಿ ಕಾದವರಿಗೆ ಕಡಿಮೆ ಬಾಡಿಗೆಗೆ ಕೊಡಬೇಕೆಂಬುದು ನವ್ಯಶ್ರೀಯ ವಾದ. ದೋಣಿಯಲ್ಲಿ ಬಂದ ನಿರಾಶ್ರಿತರನ್ನು ತಂದು ತುಂಬಲು ಹೂಡಿದ ಉಪಾಯ ಇದು ಎಂದು ಊರಿನಲ್ಲಿ ಸುದ್ದಿ ಹಬ್ಬಿತ್ತು. ಬೂದು ಕೋಟಿನ ಅಭ್ಯರ್ಥಿ ಆ ಸುದ್ದಿಯನ್ನು ನಿಜವೆಂದೂ ಹೇಳದೆ ಸುಳ್ಳೆಂದೂ ಹೇಳದೆ, "ಜನ ಪ್ರಶ್ನೆ ಕೇಳುತ್ತಿದ್ದಾರೆ" ಎಂದಷ್ಟೇ ಹೇಳಿ ಕೂತ.

ಆಗ ಎರಡನೆಯ ಸಾಲಿನಿಂದ ಡೋರೀನ್ ಎಂಬ ಮುದುಕಿ ಎದ್ದು ನಿಂತಳು. ಅವಳ ದನಿ ನಡುಗುತ್ತಿತ್ತು. "ನನ್ನ ಮಲಗುವ ಕೋಣೆಯ ಗೋಡೆ ಆ ಹೋಟೆಲಿನ ಹಿಂಗೋಡೆಗೆ ತಾಗಿಕೊಂಡಿದೆ. ನನ್ನ ಮಗ ಮನೆಗಾಗಿ ವರ್ಷಗಟ್ಟಲೆ ಕಾದಿದ್ದಾನೆ. ಗೆದ್ದರೆ ನೀವು ಮೊದಲು ಯಾರನ್ನು ನೋಡುತ್ತೀರಿ? ನಮ್ಮನ್ನೋ, ನಿಮ್ಮವರನ್ನೋ?"

ಸಭೆಯಲ್ಲಿ ಗುಜುಗುಜು ಎದ್ದಿತು. ಉಮಾವತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

ನವ್ಯಶ್ರೀ ಅವಸರ ಮಾಡಲಿಲ್ಲ. ತಾನು ಈ ಊರಿಗೆ ಬಂದ ಮೇಲೆ ಮೂರು ಮನೆ ಬಿಡಬೇಕಾಯಿತು ಎಂದಳು. ಕಾರಣ ಹೇಳದೆಯೇ ಬಾಡಿಗೆದಾರರನ್ನು ಹೊರಗೆ ಕಳಿಸಲು ಆಗ ಕಾನೂನಿತ್ತು. ಒಮ್ಮೆ ತನ್ನ ಜೊತೆ ಅದೇ ಕಟ್ಟಡದಿಂದ ಸಾಮಾನು ಹೊತ್ತು ಹೊರಟವರು ಇದೇ ಊರಿನಲ್ಲಿ ಹುಟ್ಟಿ ಬೆಳೆದ ಗಂಡ ಹೆಂಡತಿ. "ಆ ದಿನ ಮೆಟ್ಟಿಲಿನಲ್ಲಿ ನಾವು ಮೂವರೂ ಸೇರಿ ಎರಡು ಸೋಫಾ ಹೊತ್ತು ಇಳಿಸಿದೆವು. ಅವರ ಸೋಫಾ ಯಾವುದು ನನ್ನದು ಯಾವುದು ಎಂದು ಮಳೆಗೆ ಗೊತ್ತಿರಲಿಲ್ಲ. ಡೋರೀನ್, ನಿಮ್ಮ ಮಗನ ಸರತಿಯನ್ನು ನಾನು ಯಾರಿಗೂ ಮಾರುವುದಿಲ್ಲ. ಆದರೆ ಬೀಗ ಹಾಕಿದ ಹೋಟೆಲಿನಿಂದ ಯಾರ ಸರತಿಯೂ ಮುಂದೆ ಹೋಗುವುದಿಲ್ಲ."

ಹಿಂದಿನ ಸಾಲಿನಿಂದ ಚಪ್ಪಾಳೆ ಶುರುವಾಯಿತು.

ಚೆನ್ನಪ್ಪನಿಗೆ ಏನಾದರೂ ಮಾಡಬೇಕು ಅನ್ನಿಸಿತು. ಚಪ್ಪಾಳೆ ಹೊಡೆದರೆ ಆಲ್ಡರ್‌ಬರಿಗೆ ಕೇಳುವುದಿಲ್ಲ. ಮೇಲಿನ ಮಹಡಿಯಲ್ಲಿರುವ ಲತೇಶ್ ಚೆನ್ನಪ್ಪನ ಫೋನಿನಲ್ಲೂ ಸಭೆಯ ಲೈವ್ ಪುಟ ತೆರೆದುಕೊಟ್ಟು ಹೋಗಿದ್ದ. ಲತೇಶ್‌ನಿಗೆ ಜುಫೈರಿನ ಹೋಟೆಲೊಂದರ ರಿಸೆಪ್ಷನ್ನಿನಲ್ಲಿ ಕೆಲಸ. ಅವನ ಬಾಯಲ್ಲಿ ಎಲ್ಲವೂ ಬೆಂಕಿ. ಬಿರಿಯಾನಿ ಬೆಂಕಿ, ಸಿಕ್ಸರ್ ಬೆಂಕಿ, ಇಲ್ಲಿಯ ಕನ್ನಡಿಗರ ಬಳಗದ ಯಕ್ಷಗಾನದಲ್ಲಿ ಬಣ್ಣದ ವೇಷದ ಪ್ರವೇಶವೂ ಬೆಂಕಿ. ಮೊದಮೊದಲು ಕಿರಿಕಿರಿಯಾಗುತ್ತಿದ್ದ ಆ ಮಾತು ಯಾವಾಗಲೋ ಚೆನ್ನಪ್ಪನ ನಾಲಗೆಗೂ ಹತ್ತಿಕೊಂಡಿತ್ತು. ಅವನು ತೋರುಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ ಬರೆದ:

"ಬೆಂಕಿ ಹಚ್ಚಿಬಿಟ್ಟೆ ಮಗಳೇ! ಇನ್ನು ಬಿಡ್ಬೇಡ, ಹೋಟೆಲಿನದ್ದು ಮುಗಿಸಿಬಿಡು!"

ಕಳಿಸಿ, ಚಹಾ ಎತ್ತಿಕೊಂಡ. ಅರ್ಧ ಲೋಟ ಖಾಲಿಯಾಗುವಷ್ಟರಲ್ಲಿ ಟಿವಿಯಲ್ಲಿ ಸಭೆಯ ನಾಲ್ಕಾರು ಮಂದಿ ತಲೆ ತಗ್ಗಿಸಿ ಫೋನು ನೋಡುತ್ತಿರುವುದು ಕಾಣಿಸಿತು. ಒಬ್ಬ ಪಕ್ಕದವನಿಗೆ ತೋರಿಸಿದ. ಪಕ್ಕದವನು ಹಿಂದಿನವರಿಗೆ ತೋರಿಸಿದ. ಬೂದು ಕೋಟಿನವನಿಗೆ ಯಾರೋ ಬಂದು ಕಿವಿಯಲ್ಲಿ ಏನೋ ಹೇಳಿದರು. ಅವನು ನವ್ಯಶ್ರೀಯ ಕಡೆ ತಿರುಗಿ ನೋಡಿದ ರೀತಿ ಚೆನ್ನಪ್ಪನಿಗೆ ಸರಿ ಬರಲಿಲ್ಲ.

"ಇವ್ರೇ," ಉಮಾವತಿ ಅವನ ಫೋನನ್ನು ಎತ್ತಿಕೊಂಡು ಕಣ್ಣಿಗೆ ಹತ್ತಿರ ಹಿಡಿದಿದ್ದಳು. "ಇಲ್ಲಿ ನಿಮ್ಮ ಹೆಸ್ರಿನ ಕೆಳಗೆ ಎಂತದೋ ಇಂಗ್ಲಿಷ್ ಉಂಟಲ್ಲ. ನೀವು ಇಂಗ್ಲಿಷಲ್ಲಿ ಬರ್ದದ್ದಾ?"

"ಇಲ್ಲಪ್ಪ. ಕನ್ನಡದಲ್ಲೇ."

ಅವಳು ಓದಿದಳು. ಓದುತ್ತ ಓದುತ್ತ ಅವಳ ದನಿ ಸಣ್ಣದಾಯಿತು. ಕನ್ನಡದ ಅಡಿಯಲ್ಲಿ 'ಅನುವಾದ ನೋಡಿ' ಎಂಬ ಗುಂಡಿಯಿತ್ತು. ಅದನ್ನು ಒತ್ತಿದವರಿಗೆಲ್ಲ ಕಂಡದ್ದು ಇಷ್ಟು: ಬೆಂಕಿ ಹಚ್ಚು ಮಗಳೇ. ಈಗ ಬಿಡಬೇಡ. ಹೋಟೆಲನ್ನು ಮುಗಿಸು.

ಅದರ ಪಕ್ಕದಲ್ಲಿ ಚೆನ್ನಪ್ಪನ ಭಾವಚಿತ್ರ. ಸಿತ್ರಾದ ಕಾರ್ಖಾನೆಯ ಹೊರಗಿನ ರಸ್ತೆಯಲ್ಲಿ ಹೆಲ್ಮೆಟ್ ಹಾಕಿಕೊಂಡು, ಹೆಬ್ಬೆರಳೆತ್ತಿ ನಗುತ್ತ ನಿಂತದ್ದು. ಹಿಂದೆ ಎತ್ತರದ ಕೊಳವೆಯ ತುದಿಯಲ್ಲಿ ಹಗಲು ರಾತ್ರಿ ಉರಿಯುವ ಅನಿಲದ ಜ್ವಾಲೆ. ಅದು ಅವನ ತಲೆಯಿಂದಲೇ ಎದ್ದಂತೆ ಕಾಣುತ್ತಿತ್ತು. ಚಿತ್ರ ಚೆನ್ನಾಗಿ ಬಂದಿದೆ ಎಂದೇ ಅವನು ಅದನ್ನು ಹಾಕಿಕೊಂಡಿದ್ದ.

ಕೆಳಗೆ ಸಾಲು ಸಾಲು ಮಾತು ಬೀಳುತ್ತಿತ್ತು. ಇವನು ಯಾರು? ಅವಳ ಅಪ್ಪನಂತೆ. ನಮಗೆ ಇಂಗ್ಲಿಷಿನಲ್ಲಿ ಒಂದು ಹೇಳುತ್ತಾಳೆ, ತನ್ನವರ ಹತ್ತಿರ ತನ್ನ ಭಾಷೆಯಲ್ಲಿ ಇನ್ನೊಂದು. ಪೊಲೀಸರಿಗೆ ಹೇಳಿ. ಯಾರೋ ಆ ಚಿತ್ರವನ್ನೂ ಇಂಗ್ಲಿಷನ್ನೂ ಸೇರಿಸಿ ಬೇರೆ ಪುಟಕ್ಕೆ ಹಾಕಿಯಾಗಿತ್ತು.

ಕೆಲವು ವರ್ಷಗಳ ಹಿಂದೆ ಆ ದೇಶದ ಒಂದೆರಡು ಊರುಗಳಲ್ಲಿ ನಿರಾಶ್ರಿತರಿದ್ದ ಹೋಟೆಲುಗಳಿಗೆ ಗುಂಪುಗಳು ಬೆಂಕಿಯಿಡಲು ಹೋದದ್ದು, ಬೆಂಕಿಯಿಡಿ ಎಂದು ಫೋನಿನಲ್ಲಿ ಬರೆದವರೂ ಜೈಲಿಗೆ ಹೋದದ್ದು ಇಬ್ಬರಿಗೂ ಗೊತ್ತಿತ್ತು. ಆ ದಿನಗಳಲ್ಲಿ ಮಗಳಿಗೆ ಹೊತ್ತು ಹೊತ್ತಿಗೆ ಫೋನು ಮಾಡಿ 'ಹೊರಗೆ ಹೋಗ್ಬೇಡ' ಎಂದವನು ಚೆನ್ನಪ್ಪನೇ. ಈಗ ಅದೇ ಮಾತು ಅವನ ಹೆಸರಿನ ಕೆಳಗೆ ನಿಂತಿತ್ತು.

ಅವನ ಕೈ ತನ್ನಷ್ಟಕ್ಕೇ ಮುಂದೆ ಹೋಯಿತು. ಫೋನು ಕಸಿದುಕೊಂಡು, ಬರೆದದ್ದನ್ನು ಒತ್ತಿ ಹಿಡಿದು, ಅಳಿಸಿಬಿಟ್ಟ.

"ಅಳಿಸಿದ್ರಾ?" ಉಮಾವತಿ ಎದ್ದು ನಿಂತಳು. "ಅಯ್ಯೋ, ಎಂತ ಮಾಡಿದ್ರಿ ಮಾರಾಯ್ರೆ! ಸ್ಯಾಂಪಲ್ಲೇ ಚೆಲ್ಲಿಬಿಟ್ರಲ್ಲ!"

"ಎಂತ ಸ್ಯಾಂಪಲ್?"

"ಕನ್ನಡದ್ದು ಇದ್ದಿದ್ರೆ ಗೊತ್ತಿದ್ದವ್ರು ಯಾರಾದ್ರೂ ಓದಿ, ಇದು ಹೀಗಲ್ಲ ಅಂತ ಹೇಳ್ಬಹುದಿತ್ತು. ಈಗ ಅವರ ಹತ್ರ ಉಳಿದದ್ದು ರಿಪೋರ್ಟು ಮಾತ್ರ. ತಪ್ಪು ರಿಪೋರ್ಟು. ಇನ್ನು ಎಂತ ಇಟ್ಕೊಂಡು ಇನ್ನೊಮ್ಮೆ ಟೆಸ್ಟ್ ಮಾಡುದು?"

ಅವಳು ಹೇಳಿದ್ದು ಅರ್ಥವಾಗುತ್ತಿದ್ದಂತೆ ಚೆನ್ನಪ್ಪ ಮತ್ತೆ ಪುಟ ನೋಡಿದ. ಅಲ್ಲಿ ಈಗ ಹೊಸ ಮಾತು ಬಿದ್ದಿತ್ತು: ಅಳಿಸಿದ್ದಾನೆ, ಅಂದರೆ ತಪ್ಪು ಒಪ್ಪಿಕೊಂಡ ಹಾಗೆಯೇ. ಅದೇ ಹೊತ್ತಿಗೆ ಟಿವಿಯಲ್ಲಿ ಯಾರೋ ಕ್ಯಾಮೆರಾದ ಎದುರು ಅಡ್ಡ ಹಾದರು. ಗದ್ದಲ, ಕುರ್ಚಿ ಎಳೆದ ಶಬ್ದ, ಪಾದ್ರಿಯಮ್ಮನ "ದಯವಿಟ್ಟು, ದಯವಿಟ್ಟು" ಎಂಬ ದನಿ. ಆಮೇಲೆ ತೆರೆ ಕಪ್ಪಾಯಿತು.

ಮಗಳಿಗೆ ಫೋನು ಮಾಡಿದ. ರಿಂಗಾಗಿ ನಿಂತಿತು. ಇನ್ನೊಮ್ಮೆ ಮಾಡಿದ. ಉಮಾವತಿ ತನ್ನ ಫೋನಿನಿಂದ ಮಾಡಿದಳು. ಇಬ್ಬರೂ ಒಟ್ಟಿಗೆ ಮಾಡಿ ಇಬ್ಬರಿಗೂ ಲೈನು ಸಿಗದೆ ಹೋಯಿತು.

"ನೀವು ಮಾಡ್ಬೇಡಿ, ನಾನು ಮಾಡ್ತೇನೆ."

"ನೀನು ಇಡು ಮೊದ್ಲು."

ಬಾಗಿಲು ಬಡಿದ ಸದ್ದಿಗೆ ಚೆನ್ನಪ್ಪ ಬೆಚ್ಚಿಬಿದ್ದ. ಬಂದದ್ದು ಲತೇಶ್. ಓಡಿ ಇಳಿದು ಬಂದಿದ್ದ. ಒಂದು ಕಾಲಿಗೆ ಮಾತ್ರ ಚಪ್ಪಲಿ.

"ಚೆನ್ನಪ್ಪಣ್ಣ, ಎಂತ ಬರ್ದದ್ದು ನೀವು? ನಮ್ಮ ಬಳಗದ ಗ್ರೂಪಿಗೂ ಬಂತು ಫೋಟೋ!"

"ನೀನು ಹೇಳುದನ್ನೇ ಬರ್ದದ್ದು ಮಾರಾಯ. ಬೆಂಕಿ ಅಂತ."

ಲತೇಶ್‌ನಿಗೆ ನಗು ಬಂದು, ನಗಬಾರದೆಂದು ಗೊತ್ತಾಗಿ, ಅವನ ಮುಖ ಒಂದು ರೀತಿಯಾಯಿತು. ಆಮೇಲೆ ಗಂಭೀರನಾಗಿ, "ನೋಡಿ, ಒಂದೇ ದಾರಿ. ಅಕೌಂಟೇ ತೆಗ್ದುಬಿಡಿ. ಹ್ಯಾಕ್ ಆಗಿತ್ತು ಅಂತ ಹೇಳಿ. ಎಷ್ಟೋ ಜನ ಹಾಗೇ ಹೇಳುದು. ಯಾರು ಬಂದು ನೋಡ್ತಾರೆ?" ಎಂದ.

ಆ ಮಾತು ಚೆನ್ನಪ್ಪನಿಗೆ ನೆರಳು ಸಿಕ್ಕಿದಂತೆ ಹಿತವಾಯಿತು. ಹ್ಯಾಕ್. ನಾನಲ್ಲ. ಯಾರೋ. ಅವನು ಫೋನು ಕೈಗೆತ್ತಿಕೊಳ್ಳುವಷ್ಟರಲ್ಲಿ ಅದೇ ಮೊಳಗಿತು. ಮಗಳದ್ದಲ್ಲ. ಕಾರ್ಖಾನೆಯಲ್ಲಿ ಅವನ ಜೊತೆ ಅಗ್ನಿ ಸುರಕ್ಷತಾ ವಿಭಾಗದಲ್ಲಿರುವ ಮುಹಮ್ಮದ್ ಶರೀಫ್, ಉಳ್ಳಾಲದ ಕಡೆಯವನು.

"ಚೆನ್ನಪ್ಪಣ್ಣ, ಮನೆಯಲ್ಲಿದ್ದೀರಾ? ನಿಮ್ಮ ಫೋಟೋ ಲಂಡನಿನವ್ರ ಪೇಜಲ್ಲಿ ತಿರುಗ್ತಾ ಉಂಟು. ಹಿಂದೆ ನಮ್ಮ ಫ್ಲೇರಿನ ಜ್ವಾಲೆ ಚಂದ ಕಾಣ್ತದೆ. ನಿಮ್ಗೆ ಗೊತ್ತುಂಟಲ್ಲ, ಪ್ಲಾಂಟಿನ ಫೋಟೋ ತೆಗಿಯುವ ಹಾಗಿಲ್ಲ."

"ಅದು ಹೊರಗಿನ ರಸ್ತೆಯಿಂದ ತೆಗ್ದದ್ದು ಶರೀಫ್."

"ನಂಗೆ ಗೊತ್ತುಂಟು. ಸೆಕ್ಯುರಿಟಿಯವ್ರಿಗೆ ಗೊತ್ತುಂಟಾ? ನಾನು ಹೇಳುದು ಇಷ್ಟೇ, ಇವತ್ತು ಎಲ್ಲಿಯೂ ಬಾಯಿ ಬಿಡ್ಬೇಡಿ. ಮುಖ ತೋರಿಸ್ಬೇಡಿ. ನಾಳೆ ಕರ್ದು ಕೇಳಿದ್ರೆ ನೋಡುವ. ಅಲ್ಲಾಹು ದೊಡ್ಡವ."

ಶರೀಫ್ ಫೋನಿಟ್ಟ ಮೇಲೆ ಚೆನ್ನಪ್ಪ ಕಿಟಕಿಯ ಹತ್ತಿರ ಹೋದ. ಕೆಳಗೆ ರಸ್ತೆಯಲ್ಲಿ ಒಂದು ಬಿಳಿ ಕಾರು ಎಂಜಿನ್ ಓಡುತ್ತಿದ್ದಂತೆಯೇ ನಿಂತಿತ್ತು. ಅದರಿಂದ ಯಾರೂ ಇಳಿಯಲಿಲ್ಲ. ಬಿಳಿ ಕಾರು ಈ ಊರಿನಲ್ಲಿ ಲೆಕ್ಕವಿಲ್ಲದಷ್ಟಿವೆ ಎಂಬುದು ತಲೆಗೆ ಗೊತ್ತಿತ್ತು, ಎದೆಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಕಿರಾಣಿ ಅಂಗಡಿಯಿಂದ ಒಬ್ಬಾಕೆ ರೊಟ್ಟಿಯ ಚೀಲ ಹಿಡಿದು ಬಂದು ಹತ್ತಿದಳು, ಕಾರು ಹೋಯಿತು. ಅವನು ಪರದೆ ಎಳೆದ.

ಕೆಲಸದಲ್ಲಿ ಅವನಿಗೆ ಹೆದರಿಕೆ ಹೊಸದಲ್ಲ. ವೆಲ್ಡಿಂಗ್ ನಡೆಯುವಲ್ಲೆಲ್ಲ ನಂದಿಸುವ ಸಿಲಿಂಡರು ಪಕ್ಕದಲ್ಲಿಟ್ಟುಕೊಂಡು ಕಿಡಿ ಎಲ್ಲಿ ಬೀಳುತ್ತದೆ ಎಂದು ಕಣ್ಣಿಟ್ಟು ನಿಲ್ಲುವುದು, ನಿಲ್ಲುವವರ ಮೇಲೆ ಕಣ್ಣಿಡುವುದು ಅವನ ಕೆಲಸ. ಅಲ್ಲಿಯ ಹೆದರಿಕೆಗೆ ಒಂದು ಕ್ರಮವಿದೆ. ಉರಿಯುವ ವಸ್ತು ದೂರ ಮಾಡು, ಗಾಳಿ ತಪ್ಪಿಸು, ತಣಿಸು. ಮೂರರಲ್ಲಿ ಒಂದು ಕೈಗೆ ಸಿಕ್ಕಿದರೂ ಸಾಕು. ಇದರಲ್ಲಿ ಯಾವುದೂ ಕೈಗೆ ಸಿಗುತ್ತಿರಲಿಲ್ಲ. ಕಿಡಿ ಬಿದ್ದದ್ದು ಅವನು ಕಾಲಿಟ್ಟಿರದ ಒಂದು ಊರಿನಲ್ಲಿ, ಅವನ ಮಗಳ ಕಾಲ ಬುಡದಲ್ಲಿ.

ಕೊನೆಗೂ ನವ್ಯಶ್ರೀಯ ವಿಡಿಯೋ ಕರೆ ಬಂತು. ಸ್ಟೀಲಿನ ಸಿಂಕು, ಗೋಡೆಗೆ ನೇತುಹಾಕಿದ ಕಪ್ಪುಗಳು, ನಡುವೆ ಅವಳ ಮುಖ. ಸಭಾಂಗಣದ ಹಿಂದಿನ ಅಡುಗೆಕೋಣೆಯಲ್ಲಿದ್ದಳು. ಬಾಗಿಲಿನಾಚೆ ಜನರ ದನಿ ಕೇಳುತ್ತಿತ್ತು.

"ಅಪ್ಪ, ಎಂತ ಬರ್ದದ್ದು? ಕನ್ನಡದಲ್ಲಿ ಹೇಗಿತ್ತೋ ಹಾಗೇ ಹೇಳಿ."

ಅವನು ಹೇಳಿದ. ಅವಳು ಕಣ್ಣು ಮುಚ್ಚಿಕೊಂಡಳು. ಮೊದಲು ಮೂಗಿನಿಂದ ಒಂದು ನಗು ಬಂತು. ಆಮೇಲೆ ಅವಳ ತುಟಿ ಅಳುವವಳಂತೆ ಸೊಟ್ಟಗಾಯಿತು. "ಬೆಂಕಿಯಂತೆ. ಯಾರು ಕಲಿಸಿದ್ದು ನಿಮ್ಗೆ ಇದೆಲ್ಲ?"

ಲತೇಶ್ ಗೋಡೆಯ ಕಡೆಗೆ ಸರಿದ.

"ಮಗಾ, ಪೆಟ್ಟಾಗಿದೆಯಾ? ಯಾರಾದ್ರೂ ಕೈ ಮಾಡಿದ್ರಾ?" ಉಮಾವತಿ ಫೋನಿನೊಳಗೆ ಹೋಗುವಂತೆ ಬಾಗಿದಳು.

"ಇಲ್ಲ ಅಮ್ಮ. ಒಬ್ಬ ನೀರಿನ ಬಾಟ್ಲಿ ಬಿಸಾಡಿದ, ತಾಗ್ಲಿಲ್ಲ. ಹೊರಗೆ ಇನ್ನಷ್ಟು ಜನ ಸೇರಿದ್ದಾರೆ. ಇಬ್ಬರು ಪೊಲೀಸರು ಬಂದಿದ್ದಾರೆ. ಆ ಫೋಟೋದವ ನಿಮ್ಗೆ ಯಾರು ಅಂತ ಕೇಳಿದ್ರು. ಮಾತಾಡಿ ಬರ್ತೇನೆ ಅಂತ ಇಲ್ಲಿ ಬಂದೆ."

ಚೆನ್ನಪ್ಪನ ಬಾಯಿಂದ ಮಾತು ತಾನಾಗಿ ಹೊರಟಿತು. "ಅಪ್ಪ ಅಲ್ಲ ಅಂತ ಹೇಳು."

"ಎಂತ?"

"ಗೊತ್ತಿಲ್ಲ ಅಂತ ಹೇಳು ಮಗಾ. ಬಹರೈನಿನಲ್ಲಿರುವ ಯಾವನೋ ಹುಚ್ಚ, ಒಂದೇ ಊರಿನವ, ನಂಗೆ ಪರಿಚಯ ಇಲ್ಲ ಅಂತ. ನಾನು ಅಕೌಂಟು ತೆಗೀತೇನೆ. ಅಲ್ಲಿಗೆ ಮುಗೀತದೆ. ನಿಂಗೆ ಎಂತ ಆಗುದಿಲ್ಲ."

ನವ್ಯಶ್ರೀ ಅವನನ್ನು ನೋಡುತ್ತಿದ್ದಳು. ಸಣ್ಣವಳಿರುವಾಗ ಇಲ್ಲಿಯ ಶಾಲೆಯ ಬಸ್ಸಿನಿಂದ ಇಳಿದು ಬಂದು, ಇವತ್ತು ಹುಡುಗಿಯರು ಹೀಗೆ ಅಂದರು ಎಂದು ದೂರು ಹೇಳಿದಾಗಲೆಲ್ಲ ಅವನು 'ಸುಮ್ನಿರು ಮಗಾ' ಎನ್ನುತ್ತಿದ್ದ; ಆಗಲೂ ಅವಳು ಹೀಗೆಯೇ ಮಾತಿಲ್ಲದೆ ನೋಡುತ್ತಿದ್ದಳು.

"ಹೊರಗಿರುವವ್ರು ನನ್ನ ಬಗ್ಗೆ ಅದನ್ನೇ ಹೇಳುದು ಅಪ್ಪ," ಎಂದಳು ಮೆಲ್ಲಗೆ. "ಇವಳು ಒಳಗೊಂದು ಹೊರಗೊಂದು ಅಂತ. ಈಗ ನೀವು ನನ್ನ ಅಪ್ಪ ಅಲ್ಲ ಅಂದ್ರೆ ಅವ್ರು ಹೇಳಿದ್ದೇ ಸರಿ ಆಯ್ತು. ಒಳಗೆ ಇನ್ನೂ ಅರ್ಧಕ್ಕರ್ಧ ಜನ ಕೂತಿದ್ದಾರೆ. ಡೋರೀನ್ ಅಳ್ತಾ ಇದ್ದಾಳೆ, ನಿಜವಾಗಿಯೂ ಹೆದ್ರಿದ್ದಾಳೆ. ನಾನು ಅರ್ಥ ಹೇಳಿದ್ರೆ ಮಗಳು ಹೇಳುದು ಅಂತಾರೆ. ನೀವೇ ಮಾತಾಡಿ. ಪಾದ್ರಿಯಮ್ಮ ದೊಡ್ಡ ಸ್ಕ್ರೀನಿಗೆ ಹಾಕ್ತೇನೆ ಅಂತ ಹೇಳಿದ್ದಾರೆ."

"ಬೇಡ," ಎಂದಳು ಉಮಾವತಿ ತಕ್ಷಣ. "ಶರೀಫ್ ಹೇಳಿದ್ದು ಕೇಳಿಲ್ವಾ? ಇವ್ರ ಕೆಲ್ಸ ಹೋದ್ರೆ? ವೀಸಾ? ಅಲ್ಲಿಯದ್ದು ಅಲ್ಲಿಗೆ, ಇಲ್ಲಿಯದ್ದೂ ಕಟ್ಕೊಳ್ಳುದಾ?"

"ಹೌದು ಚೆನ್ನಪ್ಪಣ್ಣ, ರೆಕಾರ್ಡ್ ಮಾಡಿ ಎಲ್ಲ ಕಡೆ ಬಿಡ್ತಾರೆ," ಎಂದ ಲತೇಶ್.

ನವ್ಯಶ್ರೀ ಒತ್ತಾಯಿಸಲಿಲ್ಲ. ಬಾಗಿಲು ಯಾರೋ ತಟ್ಟಿದರು. ಅವಳ ಭುಜ ಥಟ್ಟನೆ ಕಿವಿಯವರೆಗೆ ಎದ್ದು, ಅಲ್ಲೇ ನಿಂತದ್ದನ್ನು ಚೆನ್ನಪ್ಪ ನೋಡಿದ. ಅದು ಅವನದೇ ಚಾಳಿ. ಈ ಮನೆಯಲ್ಲಿ ಬೆಲ್ಲು ಬಾರಿಸಿದಾಗಲೆಲ್ಲ ಅವನ ಭುಜ ಹಾಗೆಯೇ ಏಳುತ್ತದೆ. ಮಗಳಿಗೆ ಅವನು ಬೇರೇನು ಕೊಟ್ಟಿದ್ದಾನೋ, ಇದನ್ನಂತೂ ಕೊಟ್ಟಿದ್ದ.

"ಹಾಕ್ಲಿಕ್ಕೆ ಹೇಳು," ಎಂದ. ತನ್ನ ದನಿ ತನಗೇ ಗುರುತು ಸಿಗಲಿಲ್ಲ. "ಉಮಾ, ಒಂದು ಅಂಗಿ ಕೊಡು."

ಅಂಗಿಯ ಗುಂಡಿಗಳನ್ನು ಉಮಾವತಿಯೇ ಹಾಕಿದಳು. ಲತೇಶ್ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದ. ಕೆಲವು ಕ್ಷಣದಲ್ಲಿ ಆ ಸಣ್ಣ ಚೌಕದೊಳಗೆ ಸಭಾಂಗಣ ತೆರೆದುಕೊಂಡಿತು. ಅಲ್ಲಿಯ ಗೋಡೆಯ ಮೇಲೆ ತನ್ನ ಮುಖ ಎಷ್ಟು ದೊಡ್ಡದಾಗಿ ಬಿದ್ದಿರಬಹುದು ಎಂದು ನೆನೆದು ಅವನು ಕುರ್ಚಿಯನ್ನು ತುಸು ಹಿಂದೆ ಸರಿಸಿದ. ಯಾರೋ ಶಿಳ್ಳೆ ಹಾಕಿದರು. ಯಾರೋ "ಇವನೇ" ಎಂದರು.

ಅವನು ಮಾತಾಡಿದ್ದು ಕಾರ್ಖಾನೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ, ಕೆಲಸದ ಅನುಮತಿ ಚೀಟಿ ಓದಿ ಹೇಳುವಂತೆ, ಸಣ್ಣ ಸಣ್ಣ ವಾಕ್ಯಗಳಲ್ಲಿ. "ನನ್ನ ಹೆಸರು ಚೆನ್ನಪ್ಪ. ನಾನು ನವ್ಯಶ್ರೀಯ ತಂದೆ. ಬಹರೈನಿನಲ್ಲಿರುತ್ತೇನೆ. ಆ ಮಾತು ಬರೆದದ್ದು ನಾನು. ಅಳಿಸಿದ್ದೂ ನಾನು, ಹೆದರಿಕೆಯಿಂದ. ನನ್ನ ಕೆಲಸ ಬೆಂಕಿ ಹತ್ತದಂತೆ ಕಾಯುವುದು. ಹಚ್ಚುವುದಲ್ಲ."

"ಹಾಗಾದರೆ ಹಚ್ಚು ಅಂತ ಬರೆದದ್ದು ಯಾಕೆ?" ಒಬ್ಬ ಗಂಡಸು ಕೂಗಿದ.

"ಹಚ್ಚು ಅಂತ ಬರೆಯಲಿಲ್ಲ. ನೀನು ಹಚ್ಚಿಬಿಟ್ಟೆ ಅಂತ ಬರೆದೆ. ಅವಳು ಮಾತಾಡಿ ಮುಗಿಸಿದ ಮೇಲೆ. ನಮ್ಮ ಭಾಷೆಯಲ್ಲಿ ಈಗಿನ ಹುಡುಗರು ಯಾವುದಾದರೂ ತುಂಬ ಚೆನ್ನಾಗಿದ್ದರೆ ಬೆಂಕಿ ಅನ್ನುತ್ತಾರೆ. ಹೋಟೆಲಿನದ್ದು ಮುಗಿಸು ಅಂದರೆ ಆ ಕೆಲಸ ಪೂರ್ತಿ ಮಾಡು ಅಂತ. ನಾನು ಹುಡುಗನಲ್ಲ. ನಾನು ಹೇಳಬಾರದಿತ್ತು."

"ಆ ಭಾಷೆಯಲ್ಲಿಯೇ ಇನ್ನೊಮ್ಮೆ ಹೇಳು. ಎಲ್ಲರೂ ಕೇಳಲಿ."

ಹತ್ತಾರು ಫೋನುಗಳು ಅವನ ಮುಖಕ್ಕೆ ಎದ್ದವು. ಅವನು ಅಕ್ಷರ ಅಕ್ಷರ ಬಿಡಿಸಿ ಹೇಳಿದ. ಗಟ್ಟಿಯಾಗಿ ಹೇಳಿದಾಗ ಆ ಮಾತು ಅವನ ಕಿವಿಗೇ ಬೇರೆಯಾಗಿ ಕೇಳಿಸಿತು. ಸ್ವಲ್ಪ ಹೊತ್ತಿನಲ್ಲಿ ಅಲ್ಲಿ ಯಾರದೋ ಫೋನಿನಿಂದ ಅನುವಾದ ಯಂತ್ರದ ಹೆಣ್ಣುದನಿ ಇಂಗ್ಲಿಷಿನಲ್ಲಿ ಉಸುರಿತು: ಬೆಂಕಿ ಮಗಳೇ. ಅಷ್ಟೇ. ಕೂಗಿದ ಗಂಡಸು "ನೋಡಿದಿರಾ!" ಎಂದ. ಉಮಾವತಿ ಮೇಜಿನ ಕೆಳಗಿನಿಂದ ಚೆನ್ನಪ್ಪನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು, ನಾಡಿ ನೋಡುವವಳ ಹಾಗೆ.

ಆಗ ಎರಡನೆಯ ಸಾಲಿನಲ್ಲಿ ಡೋರೀನ್ ಮೂಗೊರೆಸಿಕೊಂಡು ಎದ್ದಳು. "ನನ್ನ ಮೊಮ್ಮಗ ಚಿಪ್ಸ್ ತಿಂದರೂ ಹಾಗೇ ಹೇಳುತ್ತಾನೆ," ಎಂದಳು. "ಚಿಪ್ಸ್ ಬೆಂಕಿಯಂತೆ. ಅವನ ಬೂಟೂ ಬೆಂಕಿಯಂತೆ. ಹೋದ ವಾರ ನನ್ನ ಹೊಸ ಕನ್ನಡಕವೂ."

ಅಲ್ಲೊಬ್ಬರು ಇಲ್ಲೊಬ್ಬರು ನಕ್ಕರು. ಎಲ್ಲರೂ ಅಲ್ಲ.

ಡೋರೀನ್ ನಗಲಿಲ್ಲ. ಗೋಡೆಯ ಮೇಲಿನ ಅವನ ಮುಖವನ್ನೇ ನೋಡುತ್ತ, "ನಾನು ನಿಮ್ಮನ್ನು ನಂಬಿದೆ ಅಂತಲೇ ಇಟ್ಟುಕೊಳ್ಳಿ. ಆದರೆ ಇವತ್ತು ಆ ಮಾತು ಊರೆಲ್ಲ ಓದಿದೆ. ಯಾವನಾದರೂ ನಿಜವೆಂದೇ ತಿಳಿದುಕೊಂಡು ಬಂದರೆ? ನಾನು ಆ ಗೋಡೆಯ ಪಕ್ಕದಲ್ಲಿಯೇ ಮಲಗಬೇಕು" ಎಂದಳು.

ಇಷ್ಟು ಹೊತ್ತು ಚೆನ್ನಪ್ಪ ಆ ಜನರಿಗೆ ಹೆದರುತ್ತಿದ್ದ. ಆ ಕಡೆಯಲ್ಲೊಬ್ಬಳು ತಾನು ಬರೆದದ್ದಕ್ಕೆ ತನ್ನಷ್ಟೇ ಹೆದರಿ ಕೂತಿರಬಹುದೆಂಬುದು ಮಗಳು ಹೇಳಿದಾಗಲೂ ಅವನ ತಲೆಗೆ ಹೋಗಿರಲಿಲ್ಲ. "ಅಮ್ಮಾ," ಎಂದ, ಇಂಗ್ಲಿಷಿನ ನಡುವೆ ಆ ಒಂದು ಮಾತು ಹಾಗೇ ಬಂತು. "ತಪ್ಪಾಯಿತು. ಕ್ಷಮಿಸಿ." ಕೈಮುಗಿದು ಕೂತ. ಪಾದ್ರಿಯಮ್ಮ ಬಂದು ಥ್ಯಾಂಕ್ಯೂ ಹೇಳಿದರು. ಪೊಲೀಸಿನವಳು ಅವನ ಹೆಸರಿನ ಸ್ಪೆಲ್ಲಿಂಗ್ ಕೇಳಿ, ಅಗತ್ಯ ಬಿದ್ದರೆ ಮತ್ತೆ ಮಾತಾಡುತ್ತೇವೆ ಎಂದಳು. ಗೋಡೆಯ ಮೇಲಿನಿಂದ ಅವನನ್ನು ತೆಗೆದರು.

ನವ್ಯಶ್ರೀ ಫೋನನ್ನು ತನ್ನ ಕೈಗೆ ತೆಗೆದುಕೊಂಡಳು. "ಈಗ ಕಾರಿನ ತನಕ ಹೋಗ್ಬೇಕು. ಪೊಲೀಸರು ಜೊತೆಗಿರ್ತಾರೆ. ಫೋನು ಆಫ್ ಮಾಡುದಿಲ್ಲ, ಕಿಸೆಯಲ್ಲಿ ಇಟ್ಕೊಳ್ತೇನೆ. ನೀವು ಎಂತ ಮಾತಾಡ್ಬೇಡಿ, ಆಯ್ತಾ?"

ತೆರೆ ಕತ್ತಲಾಯಿತು. ರಿಫಾದ ಮೇಜಿನ ಸುತ್ತ ಮೂವರೂ ತಲೆ ಹತ್ತಿರ ತಂದು ಕೂತರು. ಬಟ್ಟೆ ಉಜ್ಜುವ ಶಬ್ದ. ಬಾಗಿಲು. ಆಮೇಲೆ ಒಮ್ಮೆಲೆ ಬಯಲು, ಗಾಳಿ, ಜನ. ಒಬ್ಬ ರಾಗವಾಗಿ "ಬೆಂಕಿ ಮಗಳೇ" ಎಂದು ಇಂಗ್ಲಿಷಿನಲ್ಲಿ ಕೂಗಿದ. ಇನ್ನಿಬ್ಬರು ಅದನ್ನೇ ಎತ್ತಿಕೊಂಡರು. ಒಂದು ಹೆಂಗಸಿನ ದನಿ ಗದರಿತು, ಯಾರಿಗೆ ಎಂದು ತಿಳಿಯಲಿಲ್ಲ. ಹೆಜ್ಜೆ ಜೋರಾಯಿತು. ಏನೋ ಗಾಜಿನಂಥದ್ದು ನೆಲಕ್ಕೆ ಬಿದ್ದು ಒಡೆಯಿತು. ಉಮಾವತಿ ಬಾಯಿಗೆ ಕೈ ಅಡ್ಡ ಹಿಡಿದಳು. ಲತೇಶ್ "ದೇವರೇ, ದೇವರೇ" ಎಂದು ತುಟಿಯಲ್ಲೇ ಅನ್ನುತ್ತಿದ್ದ. ಹೆಜ್ಜೆ ನಿಂತಿತು. ಏನೂ ಕೇಳಿಸಲಿಲ್ಲ. ಚೆನ್ನಪ್ಪನಿಗೆ ಮಗಳ ಹೆಸರು ಕೂಗಬೇಕೆನ್ನಿಸಿ ಹಲ್ಲು ಕಚ್ಚಿಕೊಂಡ. ಆಮೇಲೆ ದಪ್ಪವಾಗಿ, ಕಾರಿನ ಬಾಗಿಲು ಮುಚ್ಚಿಕೊಂಡ ಸದ್ದು. ಹೊರಗಿನದ್ದೆಲ್ಲ ದೂರವಾಯಿತು.

"ಕೂತೆ ಅಪ್ಪ," ಎಂದಳು ನವ್ಯಶ್ರೀ. ಅವಳು ಏದುತ್ತಿದ್ದಳು. "ನಂಗೆಂತ ಆಗ್ಲಿಲ್ಲ. ಬಾಟ್ಲಿ ಯಾರದ್ದೋ ಕೈಯಿಂದ ಬಿದ್ದದ್ದು."

ಯಾರದ್ದೋ ಕೈಯಿಂದ ಬಿದ್ದದ್ದೋ, ಯಾರಾದರೂ ಎಸೆದದ್ದೋ, ಅವಳಿಗೂ ಗೊತ್ತಿರಲಿಕ್ಕಿಲ್ಲ. ಅವನು ಕೇಳಲಿಲ್ಲ. ಕಾರು ಹೊರಟ ಶಬ್ದ ಬಂತು.

"ನಾಳೆ ಆ ಹೋಟೆಲಿನ ಹಿಂದಿನ ಬೀದಿಗೆ ಹೋಗ್ಬೇಕು, ಮನೆ ಮನೆಗೆ," ಎಂದಳು ಅವಳು. "ಡೋರೀನ್ ಮನೆಯಿಂದಲೇ ಶುರು ಮಾಡ್ತೇನೆ."

ಉಮಾವತಿ ಗಂಡನ ಮುಖ ನೋಡಿದಳು. ಅವನು ಏನು ಹೇಳುತ್ತಾನೆಂದು ಅವಳಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. 'ಹೋಗ್ಬೇಡ' ಎಂಬ ಮಾತು ನಾಲಗೆಯ ತುದಿಗೆ ಬಂದು ಕೂತೇ ಇತ್ತು.

"ಒಬ್ಳೇ ಹೋಗ್ಬೇಡ ಮಗಾ," ಎಂದ ಚೆನ್ನಪ್ಪ. "ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಹೋಗು."